ಲೋಟದ ಮೇಲಿಲ್ಲದ ಗೆರೆ

ಸ್ಟೀಲ್ ಲೋಟದ ಚಿತ್ರ ಬರೆಯಲು ಹೇಳಿದರೆ ಮಕ್ಕಳು ಎರಡು ಉದ್ದ ಗೆರೆ ಎಳೆದು ಮೇಲೊಂದು, ಕೆಳಗೊಂದು ದುಂಡು ಸುತ್ತುತ್ತಾರೆ. ದುಂಡುಗಳೇನೋ ಲೋಟದಲ್ಲಿವೆ, ಮುಟ್ಟಿದರೆ ಬೆರಳಿಗೆ ಸಿಗುತ್ತವೆ. ಉದ್ದ ಗೆರೆಗಳು ಮಾತ್ರ ಲೋಟದ ಮೈಮೇಲೆ ಎಲ್ಲೂ ಇಲ್ಲ. ನಾವು ಪಕ್ಕಕ್ಕೆ ಸರಿದರೆ ಅವೂ ಸರಿಯುತ್ತವೆ. ಕಂಪ್ಯೂಟರಿನಲ್ಲಿ ಘನಾಕೃತಿಗಳ ಅಂಚು ಬಿಡಿಸುವವರ ಫಜೀತಿ ಶುರುವಾಗುವುದೇ ಇಲ್ಲಿ.

ಪರದೆಗೆ ಬರುವ ಮುನ್ನ ಆಕೃತಿ ತ್ರಿಕೋನಗಳಾಗಿ ಒಡೆಯುತ್ತದೆ. ದಾಳಕ್ಕೆ 12 ಅಂಚು. ಒಡೆದ ಮೇಲೆ 18. ಬೇಡದ ಆರು ಕರ್ಣಗಳನ್ನು ತೆಗೆಯುವುದು ಸಲೀಸು: ಅಕ್ಕಪಕ್ಕದ ತ್ರಿಕೋನಗಳು ಒಂದೇ ಸಮತಲದಲ್ಲಿದ್ದರೆ ನಡುವಿನ ಗೆರೆ ಬಿಡಿ. ಲೋಟದ ಸುತ್ತ 32 ಪಟ್ಟಿಗಳಿದ್ದರೆ ಪಟ್ಟಿಯಿಂದ ಪಟ್ಟಿಗೆ 11.25 ಡಿಗ್ರಿ ತಿರುವು. ಎಷ್ಟು ತಿರುವಿನವರೆಗೆ ಗೆರೆ ಬಿಡಬಹುದು ಎಂಬ ಮಿತಿಯನ್ನು 10 ಡಿಗ್ರಿಗೆ ಇಟ್ಟರೆ ಲೋಟ ಬಿದಿರು ತಟ್ಟಿಯ ಹಾಗೆ ಕಾಣುತ್ತದೆ. 15ಕ್ಕೆ ಏರಿಸಿದರೆ ನುಣುಪಾಗುತ್ತದೆ, ಜೊತೆಗೆ ಎಂಜಿನಿಯರ್ ಬೇಕೆಂದೇ ಕೊಟ್ಟ 12 ಡಿಗ್ರಿಯ ಇಳಿಜಾರಿನ ಅಂಚೂ ಮಾಯ! ಹೊರಗೆರೆಗೆ ಬೇರೆಯೇ ಲೆಕ್ಕ: ಒಂದು ಮುಖ ಕಣ್ಣಿನತ್ತ, ಪಕ್ಕದ್ದು ಆಚೆಗೆ ತಿರುಗಿದ್ದರೆ ಆ ಅಂಚನ್ನು ಎಳೆಯಬೇಕು. ಆಕೃತಿ ತಿರುಗಿದಾಗಲೆಲ್ಲ ಮತ್ತೆ ಲೆಕ್ಕ.

ಮರೆಯಾದ ಗೆರೆ ಅಳಿಸುವ ಕೆಲಸವನ್ನು 1963ರಲ್ಲಿ ಎಂಐಟಿಯ ಲಾರೆನ್ಸ್ ರಾಬರ್ಟ್ಸ್ ತಮ್ಮ ಪ್ರಬಂಧದಲ್ಲೇ ಮಾಡಿದ್ದರು. ನನಗೆ ಇಷ್ಟವಾದದ್ದು 1967ರಲ್ಲಿ ಐಬಿಎಂನ ಆರ್ಥರ್ ಆಪೆಲ್ ಹೂಡಿದ ಉಪಾಯ. ಅಂಚಿನ ಒಂದು ತುದಿಯಲ್ಲಿ ನಿಂತು, ಕಣ್ಣಿಗೂ ಅದಕ್ಕೂ ನಡುವೆ ಕಣ್ಣಿನತ್ತ ತಿರುಗಿದ ಎಷ್ಟು ಮುಖಗಳು ಅಡ್ಡ ಬಂದಿವೆ ಎಂದು ಎಣಿಸಿ. ಅಲ್ಲಿಂದ ಅಂಚಿನ ಗುಂಟ ಸಾಗಿ. ಯಾವುದಾದರೂ ಹೊರಗೆರೆಯ ಹಿಂದೆ ಹಾದಾಗಷ್ಟೇ ಎಣಿಕೆ ಒಂದು ಏರುತ್ತದೆ, ಇಲ್ಲವೇ ಒಂದು ಇಳಿಯುತ್ತದೆ. ಸೊನ್ನೆ ಇರುವಷ್ಟು ದೂರ ಗೆರೆ ಎಳೆಯಿರಿ. ಪ್ರತಿ ಬಿಂದುವನ್ನೂ ಪರೀಕ್ಷಿಸುವ ಹಂಗೇ ಇಲ್ಲ.

ಈಗಿನ ಗ್ರಾಫಿಕ್ಸ್ ಕಾರ್ಡು ಇಷ್ಟು ಜಾಣತನ ಬೇಡುವುದಿಲ್ಲ. ಪ್ರತಿ ಚುಕ್ಕಿಯ ಆಳ ಹೋಲಿಸಿ, ಹಿಂದಿರುವುದನ್ನು ಬಿಡುತ್ತದೆ. ಆದರೆ ಅಂಚು, ಮುಖ ಎರಡರ ಆಳವೂ ಒಂದೇ ಆದ್ದರಿಂದ ಗೆರೆ ಹರಕು ಮುರುಕಾಗುತ್ತದೆ. ಮುಖಗಳನ್ನು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳುವುದೇ ರೂಢಿಯ ಮದ್ದು. ಹೆಚ್ಚು ತಳ್ಳಿದರೆ ಹಿಂಬದಿಯ ಗೆರೆಗಳು ಇಣುಕುತ್ತವೆ.

ಇಷ್ಟೆಲ್ಲ ಮಾಡಿದರೂ ತ್ರಿಕೋನಗಳಾಗಿ ಒಡೆದಾಗ ಕಳೆದುಹೋದ ಅಂಚನ್ನು ಯಾವ ಲೆಕ್ಕವೂ ಪೂರ್ತಿ ಮರಳಿ ತರದು. ಆಕೃತಿಗಳನ್ನು ಕಳಿಸಲು ಬಳಸುವ ಎಸ್‌ಟಿಎಲ್ ಕಡತದಲ್ಲಿರುವುದು ಬರೀ ತ್ರಿಕೋನ. ಸ್ಟೆಪ್ ಕಡತ ದುಂಡನ್ನು ದುಂಡಾಗಿಯೇ ಇಟ್ಟುಕೊಂಡಿರುತ್ತದೆ. ನಕ್ಷೆ ತೆಗೆಯುವ ಉದ್ದೇಶವಿದ್ದರೆ ಕಳಿಸುವವರಿಂದ ಸ್ಟೆಪ್ ಕಡತವನ್ನೇ ಕೇಳಿ ಪಡೆಯಿರಿ.