ನೆಲವೂ ತಿರುಗುತ್ತದೆ

ರಾತ್ರಿಯ ಆಕಾಶವನ್ನು ಗಂಟೆಗಟ್ಟಲೆ ಸೆರೆಹಿಡಿದು ನಿಮಿಷಗಳಿಗೆ ಇಳಿಸುವ ಟೈಮ್‌ಲ್ಯಾಪ್ಸ್ ಚಿತ್ರಗಳನ್ನು ನಾವು ಕತೆಗಾರನ ಸ್ವಾರ್ಥದಿಂದಲೇ ನೋಡುತ್ತೇವೆ. ಅರ್ಧ ನಿಮಿಷಕ್ಕೊಂದು ಚಿತ್ರ ತೆಗೆದರೆ ಗಂಟೆಗೆ 120. ಸೆಕೆಂಡಿಗೆ 24ರಂತೆ ಓಡಿಸಿದರೆ ತೆರೆಯ ಮೇಲೆ ಅದು ಬರೀ ಐದು ಸೆಕೆಂಡು. ಸಣ್ಣಕತೆ ಮಾಡುವುದೂ ಇದೇ ಕೆಲಸವಲ್ಲವೇ?

ನಾರ್ವೆಯ ಟೆರ್ಯೆ ಸೋರ್ಯೆರ್ಡ್ 2011ರ ಏಪ್ರಿಲ್‌ನಲ್ಲಿ ಟೆನೆರಿಫೆ ದ್ವೀಪದ ಟೇಯ್ಡೆ ಪರ್ವತದಲ್ಲಿ ಒಂದು ವಾರ ಕಳೆದು 'ದಿ ಮೌಂಟನ್' ಚಿತ್ರ ಮಾಡಿದರು. ಟೇಯ್ಡೆ ಸ್ಪೇನಿನ ಅತಿ ಎತ್ತರದ ಶಿಖರ, 3,700 ಮೀಟರಿಗೂ ಹೆಚ್ಚು. ಆಕಾಶಗಂಗೆ ಏಳುತ್ತದೆ, ಮೋಡಗಳು ಹೊಳೆಯಂತೆ ಹರಿಯುತ್ತವೆ. ಆದರೆ ಎಯ್ನೌಡಿಯ ಪಿಯಾನೋ ನಮ್ಮ ಭಾವನೆಯನ್ನು ಮೊದಲೇ ನಿರ್ಧರಿಸಿಬಿಡುತ್ತದೆ. ಕಣ್ಣು ತಣಿಯುತ್ತದೆ, ಪ್ರಶ್ನೆ ಏಳುವುದಿಲ್ಲ. ಚಿತ್ರವನ್ನು ಉಳಿಸಿದ್ದು ಒಂದು ವಿಘ್ನ. ಒಂದು ರಾತ್ರಿ ಸಹಾರಾದಿಂದ ಮರಳಿನ ಬಿರುಗಾಳಿ ಬೀಸಿತು. ಬರಿಗಣ್ಣಿಗೆ ಆಕಾಶವೇ ಕಾಣದಾಯಿತು. ದೃಶ್ಯ ಹಾಳಾಯಿತೆಂದೇ ಅವರು ಭಾವಿಸಿದ್ದರು. ಕ್ಯಾಮೆರಾ ಮಾತ್ರ ತನ್ನ ಪಾಡಿಗೆ ನೋಡುತ್ತಲೇ ಇತ್ತು. ದೂರದ ದ್ವೀಪದ ದೀಪಗಳ ಬೆಳಕಿನಲ್ಲಿ ಆ ಧೂಳು ಹೊನ್ನಿನ ಮೋಡವಾಗಿ, ಅದರ ಹಿಂದೆ ಆಕಾಶಗಂಗೆ ಮೂಡಿತ್ತು. ಕತೆಗಾರ ಬೇಡವೆಂದು ಹೊಡೆದುಹಾಕುವ ಸಾಲಿನಲ್ಲೇ ಕತೆ ಇರಬಹುದು ಎಂಬ ಎಚ್ಚರ ನಮಗೆ ಅಲ್ಲಿ ಸಿಕ್ಕಿತು.

ಆದರೂ ನಮ್ಮನ್ನು ಹೆಚ್ಚು ಕದಡಿದ್ದು ಇನ್ನೊಂದು ಚಿತ್ರ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಲಡಾಖಿನ ಹಾನ್ಲೆ ವೀಕ್ಷಣಾಲಯದ ಎಂಜಿನಿಯರ್ ದೋರ್ಜೆ ಅಂಗ್‌ಚುಕ್ 2025ರ ಆರಂಭದಲ್ಲಿ ಅದನ್ನು ಹೊರತಂದರು. ಕೊರೆಯುವ ಚಳಿಯಲ್ಲಿ ಬ್ಯಾಟರಿ ಕೈಕೊಟ್ಟು ಹಲವು ಯತ್ನ ಮುರಿದ ಮೇಲೆ ದಕ್ಕಿದ ಚಿತ್ರವಿದು. ಸಾಮಾನ್ಯವಾಗಿ ಕ್ಯಾಮೆರಾ ನೆಲಕ್ಕೆ ಅಂಟಿ ನಿಲ್ಲುತ್ತದೆ, ನಕ್ಷತ್ರಗಳು ಚಲಿಸುತ್ತವೆ. ಇಲ್ಲಿ ಕ್ಯಾಮೆರಾ ಭೂಮಿಯ ತಿರುಗುವಿಕೆಗೆ ವಿರುದ್ಧವಾಗಿ, ಅದೇ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ನಕ್ಷತ್ರಗಳು ಅಲುಗುವುದಿಲ್ಲ. ಬೆಟ್ಟ, ಕಣಿವೆ, ದಿಗಂತಗಳೇ ಓರೆಯಾಗಿ ಉರುಳುತ್ತವೆ. ಶಾಲೆಯಲ್ಲಿ ಉರುಹೊಡೆದ ಪಾಠವನ್ನು ನಮ್ಮ ಮೈ ಅಂದು ನಂಬಿತು. ಸಂಗೀತವಾಗಲೀ ಸೌಂದರ್ಯವಾಗಲೀ ಅಲ್ಲ, ಕ್ಯಾಮೆರಾ ಯಾವುದಕ್ಕೆ ನಿಷ್ಠವಾಗಿದೆ ಎಂಬುದೇ ಈ ಚಿತ್ರದ ಬಲ.

ಅದನ್ನು ನೋಡಿದಾಗ ನಮಗೆ ನಮ್ಮದೇ ಹಳೆಯ ಕತೆಯೊಂದು ನೆನಪಾಯಿತು. ತಲಾಖಿನ ನಂತರ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮೊಹಲ್ಲಾದ ಖಾಲಾ ಒಬ್ಬರ ಕತೆ. ಅದರಲ್ಲಿ ನಿರೂಪಕ ನೆಲದಂತೆ ಗಟ್ಟಿ, ಖಾಲಾ ವರ್ಷದಿಂದ ವರ್ಷಕ್ಕೆ ಮಸುಕಾಗಿ ದೂರ ಸರಿಯುತ್ತಾರೆ. ಸಂಪಾದಕರು ಮೆಚ್ಚಿದ್ದರು. ಮಗಳಿಂದ ಓದಿಸಿ ಕೇಳಿದ ಖಾಲಾ ಮಾತ್ರ, "ನಾನು ಇಲ್ಲೇ ಇದ್ದೆನಲ್ಲ ಬೇಟಾ, ಹೋದವನು ನೀನು" ಎಂದಿದ್ದರು. ನಾವು ನಕ್ಕು ಚಹಾ ಕುಡಿದು ಬಂದಿದ್ದೆವು.

ನಮ್ಮ ಜನರ ಬಗ್ಗೆ ಬರೆಯುವ ನಾವು, ನಮ್ಮ ಓದು, ನೌಕರಿ, ನಗರಗಳು ನಮ್ಮನ್ನು ಎಷ್ಟು ದೂರ ಉರುಳಿಸಿವೆ ಎಂಬುದನ್ನು ಲೆಕ್ಕಕ್ಕೇ ಇಡುವುದಿಲ್ಲ. ಬದಲಾದವರು, ಹಿಂದುಳಿದವರು, ಮರೆಯಾದವರು ಯಾವಾಗಲೂ ಅವರೇ. ಖಾಲಾ ಈಗಿಲ್ಲ. ಆ ಕತೆಯನ್ನು ಮತ್ತೆ ಬರೆಯುತ್ತಿದ್ದೇವೆ. ಈ ಸಲ ಅವರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕುಳಿತೇ ಇರುತ್ತಾರೆ. ಸರಿಯುವವರು ನಾವು.