ಮುಪ್ಪಿನ ಬೇಟೆಗಾರ: ಜಿಮ್ ಕಾರ್ಬೆಟ್ಟರ ಗ್ರಂಥಗಳನ್ನು ಕುರಿತು

ನಮ್ಮ ಕಾವ್ಯಗಳ ಬೇಟೆಗಾರನಿಗೆ ಮೈನೋವೆಂಬುದಿಲ್ಲ. ರಾಘವಾಂಕನ ಹರಿಶ್ಚಂದ್ರನಾಗಲಿ ಕಾಳಿದಾಸನ ದುಷ್ಯಂತನಾಗಲಿ ಕಾಡಿಗೆ ಹೊರಡುವಾಗ ಅಂಗಬಲ ಕುಂದದ ಅರಸರು. ಶಾಕುಂತಲದ ದ್ವಿತೀಯಾಂಕದಲ್ಲಿ ಸೇನಾಪತಿಯು ಮೃಗಯೆಯನ್ನು ಕೊಂಡಾಡುವ ಮಾತನ್ನು ವಾಚಕರು ಬಲ್ಲರು. ಬೊಜ್ಜು ಕರಗುವುದು, ದೇಹವು ಹಗುರಾಗುವುದು, ಚಲಿಸುವ ಗುರಿಗೆ ಬಾಣವು ತಗಲುವುದು, ಇವೇ ಅವನು ಎಣಿಸುವ ಲಾಭಗಳು. ಅದೇ ಅಂಕದ ಆರಂಭದಲ್ಲಿ ಮೈಕೈ ನೋವಿನ ಪ್ರಸ್ತಾಪವೂ ಉಂಟು. ಆದರೆ ಅದು ಬರುವುದು ವಿದೂಷಕನ ಬಾಯಿಂದ. ಕೀಲುಕೀಲೂ ನೋಯುತ್ತಿದೆ, ರಾತ್ರಿ ನಿದ್ದೆಯಿಲ್ಲ ಎಂದು ಮಾಢವ್ಯನು ಗೋಳಿಡುತ್ತಾನೆ, ಸಭೆಯು ನಗುತ್ತದೆ. ಬೇಟೆಯ ಕೀರ್ತಿಯು ನಾಯಕನಿಗೆ, ಬೇಟೆಯ ನೋವು ವಿದೂಷಕನಿಗೆ: ಇದು ಕವಿಗಳು ಮಾಡಿಟ್ಟ ಪಾಲು.

ಈ ಪಾಲನ್ನು ಮುರಿದು, ನೋವನ್ನು ನಾಯಕನ ಪಾಲಿಗೇ ತಂದಿಟ್ಟ ಬೇಟೆಯ ಗ್ರಂಥಗಳೆಂದರೆ ಜಿಮ್ ಕಾರ್ಬೆಟ್ಟರವು. ಅವುಗಳನ್ನು ಸಾಹಸದ ಕಥೆಗಳೆಂದು ಓದುವವರೇ ಬಹಳ. ಹಾಗೆ ಓದುವುದು ತಪ್ಪಲ್ಲ. ಈ ಲೇಖಕನೂ ಮೊದಲು ಹಾಗೆಯೇ ಓದಿದವನು. ಮೂವತ್ತರ ವಯಸ್ಸಿನಲ್ಲಿ ಹುಲಿಯು ಯಾವಾಗ ಬಂದೀತೆಂಬ ಆತುರದಿಂದ ಹಾರಿಸಿಬಿಟ್ಟ ಪುಟಗಳು ಕೆಲವು ಇದ್ದುವು. ಈಗ ಎಪ್ಪತ್ತು ಕಳೆದು, ಬೆಳಗ್ಗೆ ಮಂಚದಿಂದ ಇಳಿಯುವ ಮೊದಲು ಮಂಡಿಗಳ ಅನುಮತಿಯನ್ನು ಕೇಳಬೇಕಾಗಿ ಬಂದಿರುವಾಗ, ಕಣ್ಣು ಆ ಪುಟಗಳಲ್ಲಿಯೇ ನಿಲ್ಲುತ್ತದೆ. ಹುಲಿಯು ಬಂದದ್ದು ಹೇಗೆಂಬುದು ಮರೆತುಹೋಗಿ, ಆ ಮನುಷ್ಯನು ಅಲ್ಲಿಗೆ ನಡೆದು ಹೋದದ್ದು ಹೇಗೆಂಬುದೇ ದೊಡ್ಡ ವಿಷಯವಾಗಿ ತೋರುತ್ತದೆ. ಈ ಎರಡನೆಯ ಓದಿನ ಫಲವನ್ನು ವಾಚಕರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

೧

ಮೊದಲು ವಯಸ್ಸಿನ ಲೆಕ್ಕವನ್ನು ನೋಡೋಣ. ಕಾರ್ಬೆಟ್ಟರು ೧೮೭೫ರ ಜುಲೈ ತಿಂಗಳಲ್ಲಿ ನೈನಿತಾಲಿನಲ್ಲಿ ಹುಟ್ಟಿದರು. ನಾನೂರ ಮೂವತ್ತಾರು ಜನರನ್ನು ಕೊಂದಿತೆಂದು ಹೇಳಲಾದ ಚಂಪಾವತದ ಹೆಣ್ಣುಹುಲಿಯನ್ನು ಅವರು ಹೊಡೆದದ್ದು ೧೯೦೭ರಲ್ಲಿ; ಅದೊಂದು ಯೌವನದ ಬೇಟೆ. ಆದರೆ ಅವರ ಕೀರ್ತಿಗೆ ಕಾರಣವಾದ ಉಳಿದ ಬೇಟೆಗಳಲ್ಲಿ ಹಲವು ಐವತ್ತು ತುಂಬಿದ ಮೇಲಿನವು. ರುದ್ರಪ್ರಯಾಗದ ಚಿರತೆಯು ಸತ್ತದ್ದು ೧೯೨೬ರಲ್ಲಿ, ಆಗ ಅವರಿಗೆ ಐವತ್ತು. ತಲ್ಲಾದೇಶದ ಹುಲಿ ೧೯೨೯ರಲ್ಲಿ, ಆಗ ಐವತ್ತಮೂರು. ಚೌಗಢದ್ದು ೧೯೩೦ರಲ್ಲಿ, ಆಗ ಐವತ್ತನಾಲ್ಕು. ಠಾಕ್ ಗ್ರಾಮದ ಹುಲಿ ೧೯೩೮ರ ನವೆಂಬರಿನಲ್ಲಿ, ಆಗ ಅರುವತ್ತಮೂರು. 'ಮ್ಯಾನ್ ಈಟರ್ಸ್ ಆಫ್ ಕುಮಾಂವ್' ಎಂಬ ಗ್ರಂಥವು ೧೯೪೪ರಲ್ಲಿ ಹೊರಬಂದಾಗ ಗ್ರಂಥಕರ್ತನು ಎಪ್ಪತ್ತರ ಹೊಸ್ತಿಲಲ್ಲಿದ್ದನು. ನಮ್ಮಲ್ಲಿ ಷಷ್ಟ್ಯಬ್ದಪೂರ್ತಿಯನ್ನು ಮಾಡಿಸಿಕೊಂಡು ಜಗಲಿಯ ಮೇಲೆ ಕೂಡುವ ವಯಸ್ಸಿನಲ್ಲಿ ಈತನು ಮಲೆಯ ಇಳುಕಲುಗಳಲ್ಲಿ ಹೆಜ್ಜೆಗುರುತನ್ನು ಹುಡುಕುತ್ತಿದ್ದನು.

ಇಷ್ಟು ಹೇಳಿ ಭೇಷ್ ಎಂದು ಬೆನ್ನು ತಟ್ಟಿದರೆ ವಿಮರ್ಶೆಯಾಗಲಿಲ್ಲ. ಮುಪ್ಪಿನಲ್ಲಿಯೂ ದುಡಿದವರು ಲೋಕದಲ್ಲಿ ಅಸಂಖ್ಯರು. ರಾಗಿಯ ಹೊಲದಲ್ಲಿ ಕಳೆ ಕೀಳುವ ಯಾವ ಮುದುಕಿಯಾದರೂ ಈ ಪರೀಕ್ಷೆಯಲ್ಲಿ ಗೆಲ್ಲುವಳು. ಕಾರ್ಬೆಟ್ಟರ ವಿಶೇಷವಿರುವುದು ಆ ನೋವನ್ನು ಅವರು ಬರೆದ ರೀತಿಯಲ್ಲಿ.

೨

ತಲ್ಲಾದೇಶದ ಕಥೆಯನ್ನು ನೋಡಿರಿ. ೧೯೨೯ರ ಮೊದಲ ತಿಂಗಳುಗಳಲ್ಲಿ, ಶಿಕಾರಿಯ ತಂಡವೊಂದರಲ್ಲಿದ್ದಾಗ, ಅವರ ಮಗ್ಗುಲಲ್ಲಿಯೇ ಭಾರಿ ಬಂದೂಕೊಂದು ಆಕಸ್ಮಿಕವಾಗಿ ಹಾರಿ ಎಡಗಿವಿಯ ತಮಟೆಯು ಹರಿಯಿತು. ಗಾಯವು ಒಳಗೆ ಬಾವಾಗಿ ತಲೆಯೆಲ್ಲವೂ ಸಿಡಿಯುವಂತಾಯಿತು. ಈ ಸ್ಥಿತಿಯಲ್ಲಿಯೇ ಅವರು ಏಪ್ರಿಲಿನಲ್ಲಿ ಕುಮಾಂವ್ ಸೀಮೆಯ ಪೂರ್ವದಂಚಿನ ತಲ್ಲಾದೇಶಕ್ಕೆ ಹೊರಟರು. ಅಲ್ಲಿ ತಾಯಿಹುಲಿಯ ಜತೆಯಲ್ಲಿದ್ದ ಎರಡು ಬೆಳೆದ ಮರಿಗಳು ಗುಂಡಿಗೆ ಬಿದ್ದುವು. ತಾಯಿಯು ಗಾಯಗೊಂಡು ತಪ್ಪಿಸಿಕೊಂಡಿತು. ಗಾಯಗೊಂಡ ನರಭಕ್ಷಕವನ್ನು ಕಾಡಿನಲ್ಲಿ ಬಿಟ್ಟು ಬರುವುದು ಹಳ್ಳಿಗರ ಕುತ್ತಿಗೆಯನ್ನು ಕೊಯ್ದಂತೆ. ಆದುದರಿಂದ ದಿನಗಟ್ಟಲೆ ಅದರ ಜಾಡಿನಲ್ಲಿ ನಡೆಯಬೇಕಾಯಿತು. ಒಂದು ರಾತ್ರಿ ಮರದ ಮೇಲಿರುವಾಗ ಬಾವು ತಾನಾಗಿ ಒಡೆದು ನೋವು ಇಳಿಯಿತು. ಅನಂತರ ಬೇಟೆಯು ಮುಗಿಯಿತು.

ಈ ವೃತ್ತಾಂತದಲ್ಲಿ ಎರಡು ಗುಣಗಳು ಎದ್ದು ಕಾಣುತ್ತವೆ. ಒಂದನೆಯದು, ಗೋಳಿಲ್ಲ, ಎರಡನೆಯದು, ಜಂಬವೂ ಇಲ್ಲ. ನೋವನ್ನು ಹೇಳುವವರು ಸಾಧಾರಣವಾಗಿ ಇವೆರಡರಲ್ಲೊಂದಕ್ಕೆ ಬೀಳುತ್ತಾರೆ. ಕಾರ್ಬೆಟ್ಟರು ನೋವನ್ನು ಇಳಿಜಾರಿನಂತೆ, ಗಾಳಿಯ ದಿಕ್ಕಿನಂತೆ, ಉಳಿದಿರುವ ಬೆಳಕಿನಂತೆ, ಎಣಿಸಬೇಕಾದ ಒಂದು ಸಂಗತಿಯಾಗಿ ಬರೆಯುತ್ತಾರೆ. ಒಂದೇ ಕಿವಿಯಿಂದ ಕೇಳುವವನಿಗೆ ಸದ್ದು ತಿಳಿಯುತ್ತದೆ, ಸದ್ದಿನ ದಿಕ್ಕು ತಿಳಿಯುವುದಿಲ್ಲ. ಹುಲಿಯ ಬೇಟೆಯಲ್ಲಿ ದಿಕ್ಕು ತಿಳಿಯದ ಸದ್ದು ಸಹಾಯಕವಲ್ಲ, ಅಪಾಯಕರ. ಹಾಗಾದರೆ ಕಿವಿಯ ಕೆಲಸವನ್ನು ಕಣ್ಣು ಮಾಡಬೇಕು. ಕಣ್ಣು ಮಾಡಬೇಕಾದರೆ ಕಾಲು ನಿಧಾನವಾಗಬೇಕು. ಕಳೆದುಹೋದುದನ್ನು ಮೊದಲು ಒಪ್ಪಿ, ಉಳಿದುದರಿಂದ ಮನೆಯನ್ನು ನಡೆಸುವ ಗೃಹಿಣಿಯ ವಿವೇಕವಿದು. ಯುವಕನು ತನ್ನ ಬಲವನ್ನು ನಂಬಿ ಹೋಗುತ್ತಾನೆ. ಇವರು ತಮ್ಮ ಕೊರತೆಯನ್ನು ಅರಿತು ಹೋಗುತ್ತಾರೆ.

ನಮ್ಮ ದಶರಥನನ್ನು ಇಲ್ಲಿ ನೆನೆಯದಿರುವುದು ಕಷ್ಟ. ಅವನೂ ಒಬ್ಬ ಮುದಿ ಬೇಟೆಗಾರ. ಸದ್ದನ್ನು ಕೇಳಿಯೇ ಗುರಿಯಿಡಬಲ್ಲೆನೆಂಬ ಯೌವನದ ಹಮ್ಮಿನಲ್ಲಿ ಸರಯೂತೀರದ ಕತ್ತಲೆಯಲ್ಲಿ ಮುನಿಕುಮಾರನನ್ನು ಕೊಂದ ಕಥೆಯನ್ನು ಸಾವಿನ ಹಾಸಿಗೆಯಲ್ಲಿ ಕೌಸಲ್ಯೆಗೆ ಹೇಳುತ್ತಾನೆ. ತುಂಬು ಕಿವಿಯುಳ್ಳ ತರುಣನು ಮಾಡಿದ ತಪ್ಪನ್ನು ಒಡೆದ ಕಿವಿಯ ಹಿರಿಯನು ಮಾಡಲಾರನು. ಏಕೆಂದರೆ ಕಿವಿಯನ್ನು ನಂಬಬಾರದೆಂಬುದು ಅವನಿಗೆ ಗೊತ್ತು.

ಮತ್ತೊಂದು ಸಂಗತಿಯೂ ಗಮನಾರ್ಹವಾದುದು. ಈ ಕಥೆಯು ೧೯೪೪ರ ಗ್ರಂಥದಲ್ಲಿಲ್ಲ. ಅದು ಅಚ್ಚಾದದ್ದು ೧೯೫೪ರ 'ದಿ ಟೆಂಪಲ್ ಟೈಗರ್' ಎಂಬ ಸಂಪುಟದಲ್ಲಿ, ಗ್ರಂಥಕರ್ತನು ತೀರಿಕೊಳ್ಳುವ ಹಿಂದಿನ ವರ್ಷ. ಇಪ್ಪತ್ತೈದು ವರ್ಷ ಹಳೆಯದಾದ ನೋವನ್ನು ಸುಮಾರು ಎಂಬತ್ತರ ಮುದುಕನು ಬರೆದನು. ಆದುದರಿಂದಲೇ ಅದರಲ್ಲಿ ಕಾವು ಇಳಿದು ಸ್ಪಷ್ಟತೆಯು ಉಳಿದಿದೆ.

೩

ಈ ಗ್ರಂಥಗಳ ಆಳವು ತಿಳಿಯಬೇಕಾದರೆ ಬೇಟೆಗಾರನ ಮೈಯನ್ನು ಬಿಟ್ಟು ಹುಲಿಯ ಮೈಯನ್ನು ನೋಡಬೇಕು. ಹುಲಿಯು ತಾನಾಗಿ ಮನುಷ್ಯನನ್ನು ತಿನ್ನುವ ಪ್ರಾಣಿಯಲ್ಲವೆಂದೂ, ತನ್ನ ವಶದಲ್ಲಿಲ್ಲದ ಒತ್ತಡದಿಂದ ಆ ಆಹಾರಕ್ಕೆ ಇಳಿಯುವುದೆಂದೂ, ಹತ್ತರಲ್ಲಿ ಒಂಬತ್ತು ಪಾಲು ಆ ಒತ್ತಡವು ಗಾಯವೆಂದೂ, ಉಳಿದ ಒಂದು ಪಾಲು ಮುಪ್ಪೆಂದೂ ಕಾರ್ಬೆಟ್ಟರು ಮೊದಲ ಗ್ರಂಥದ ಪೀಠಿಕೆಯಲ್ಲಿಯೇ ನಿರ್ಣಯಿಸುತ್ತಾರೆ. ಪ್ರತಿಯೊಂದು ಬೇಟೆಯ ಕೊನೆಯಲ್ಲಿಯೂ ಸತ್ತ ಪ್ರಾಣಿಯ ಮೈಯನ್ನು ವೈದ್ಯನಂತೆ ಪರೀಕ್ಷಿಸುತ್ತಾರೆ. ಚಂಪಾವತದ ಹುಲಿಗೆ ಹಳೆಯ ಗುಂಡಿನೇಟಿನಿಂದ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೂ ಕೆಳಗಿನದು ಎಲುಬಿನವರೆಗೂ ಮುರಿದಿತ್ತು. ಮುಕ್ತೇಶ್ವರದ ಹುಲಿಯು ಮುಳ್ಳುಹಂದಿಯೊಡನೆ ಕಾದು ಒಂದು ಕಣ್ಣನ್ನು ಕಳೆದುಕೊಂಡು, ಸುಮಾರು ಐವತ್ತು ಮುಳ್ಳುಗಳನ್ನು ಮುಂಗಾಲಿನಲ್ಲಿ ಹೊತ್ತಿತ್ತು. ಠಾಕ್ ಹುಲಿಯ ಮೈಯಲ್ಲಿ ಹಳೆಯ ಗುಂಡಿನ ಎರಡು ಗಾಯಗಳಿದ್ದುವು.

ಚೌಗಢದ ಹುಲಿಯ ಕಥೆಯು ಎಲ್ಲಕ್ಕಿಂತ ಮರುಕವನ್ನು ಹುಟ್ಟಿಸುವುದು. ಅದು ಮುದಿಯಾದ ಹೆಣ್ಣುಹುಲಿ. ಉಗುರು ಮುರಿದಿದ್ದುವು, ಮುಂದಿನ ಹಲ್ಲುಗಳು ಸವೆದಿದ್ದುವು. ಬೆಳೆದ ಮರಿಯೊಂದು ಜತೆಯಲ್ಲಿದ್ದು ಬೇಟೆಗೆ ನೆರವಾಗುತ್ತಿತ್ತು. ಕಾರ್ಬೆಟ್ಟರು ಮೊದಲ ಸಲ ಹೋದಾಗ ತಾಯಿಯೆಂದು ಭ್ರಮಿಸಿ ಹೊಡೆದದ್ದು ಆ ಮರಿಯನ್ನು. ಅನಂತರ ಆ ಮುದಿಹುಲಿಯು ಒಂಟಿಯಾಗಿ ಹಿಡಿದ ಜನರನ್ನು ಒಂದೇ ಪೆಟ್ಟಿಗೆ ಕೊಲ್ಲಲಾರದೆ ಹೋಯಿತು. ಗಾಯಗೊಂಡು ನರಳಿದವರ ಸಂಕಟಕ್ಕೆ ಅದರ ಮುಪ್ಪೂ ಕಾರಣ, ತಮ್ಮ ತಪ್ಪೂ ಕಾರಣವೆಂಬುದನ್ನು ಗ್ರಂಥಕರ್ತನು ಮರೆಮಾಡುವುದಿಲ್ಲ. ರುದ್ರಪ್ರಯಾಗದ ಚಿರತೆಯು ಸತ್ತು ಬಿದ್ದಾಗಲೂ ಅವರು ಅಲ್ಲಿ ಪಿಶಾಚಿಯನ್ನು ಕಾಣುವುದಿಲ್ಲ. ಮೂತಿ ನರೆತ ಒಂದು ಮುದಿಪ್ರಾಣಿಯನ್ನು ಕಾಣುತ್ತಾರೆ.

ಈಗ ಚಿತ್ರವು ಪೂರ್ತಿಯಾಯಿತು. ಕಾಡಿನ ಹಾದಿಯಲ್ಲಿ ಮುಖಾಮುಖಿಯಾಗುವವರು ಇಬ್ಬರೂ ಗಾಯಗೊಂಡ ಬೇಟೆಗಾರರೇ. ಆದರೆ ಒಂದು ಭೇದವಿದೆ. ಈ ಗ್ರಂಥಗಳ ಧರ್ಮವೆಲ್ಲವೂ ಆ ಭೇದದಲ್ಲಿದೆಯೆಂದು ನಮ್ಮ ಅಭಿಪ್ರಾಯ. ಹುಲಿಯ ನೋವು ಅದನ್ನು ಸುಲಭವಾದ ಬೇಟೆಗೆ ತಳ್ಳುತ್ತದೆ: ಕಡವೆಯನ್ನು ಹಿಡಿಯಲಾರದ ಹುಲಿ ಹುಲ್ಲು ಕೊಯ್ಯುವ ಹೆಂಗಸನ್ನು ಹಿಡಿಯುತ್ತದೆ. ಅದಕ್ಕೆ ಬೇರೆ ದಾರಿಯಿಲ್ಲ, ಆದುದರಿಂದ ಪಾಪವೂ ಇಲ್ಲ. ಮನುಷ್ಯನಿಗೆ ದಾರಿಯಿದೆ. ನೋವಿನ ನೆಪದಿಂದ ಅವನು ಸುಲಭವಾದುದಕ್ಕೆ ಇಳಿಯಬಹುದು, ಎದುರಿಗಿರುವ ದುರ್ಬಲರ ಮೇಲೆ ತನ್ನ ಸಂಕಟವನ್ನು ತೀರಿಸಿಕೊಳ್ಳಬಹುದು, ಇಳಿಯದೆಯೂ ಇರಬಹುದು. ಕೀಲುನೋವಿನ ಹಿರಿಯರಿರುವ ಮನೆಗಳಲ್ಲಿ ಸೊಸೆಯೂ ಮೊಮ್ಮಕ್ಕಳೂ ಪಡುವ ಪಾಡನ್ನು ಬಲ್ಲವರಿಗೆ ಈ ಮಾತು ಕಾಡಿನದು ಮಾತ್ರವಲ್ಲವೆಂಬುದು ತಿಳಿಯುವುದು. ನೋವುಂಡವನು ಹಲ್ಲು ಮುರಿದ ಹುಲಿಯಾಗುವನೋ, ಕಿವಿ ಒಡೆದ ಕಾರ್ಬೆಟ್ಟನಾಗುವನೋ ಎಂಬುದು ಮನೆಮನೆಯ ಪ್ರಶ್ನೆ.

೪

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಬಾವಿನ ತಲೆಯನ್ನು ಹೊತ್ತು ಹುಲಿಯ ಹಿಂದೆ ಹೋಗುವುದು ವಿವೇಕವೇ? ಇಂಥ ಕಥೆಯನ್ನು ಓದಿದ ವೃದ್ಧರು ಔಷಧವನ್ನು ಬಿಟ್ಟು ಹಟಕ್ಕೆ ಬಿದ್ದರೆ ಯಾರು ಹೊಣೆ? ಆಕ್ಷೇಪದಲ್ಲಿ ತಥ್ಯವಿದೆ. ತಲ್ಲಾದೇಶದ ಯಾತ್ರೆಯನ್ನು ಆದರ್ಶವೆಂದು ನಾವು ಹೇಳೆವು. ಬಾವು ಒಳಮುಖವಾಗಿ ಒಡೆದಿದ್ದರೆ ಆ ಕಥೆಯನ್ನು ಬರೆಯುವವರೇ ಇರುತ್ತಿರಲಿಲ್ಲ. ಆದರೆ ಅದೇ ಗ್ರಂಥಕರ್ತನು ಒಂಬತ್ತು ವರ್ಷಗಳ ಅನಂತರದ ಠಾಕ್ ಬೇಟೆಯಲ್ಲಿ ಹೇಗೆ ವರ್ತಿಸಿದನೆಂಬುದನ್ನೂ ಜತೆಯಲ್ಲಿಟ್ಟು ನೋಡಬೇಕು. ಅಲ್ಲಿ ಅವರು ಹುಲಿಯನ್ನು ಬೆನ್ನಟ್ಟಿ ಕೊಲ್ಲಲಿಲ್ಲ. ಸಂಜೆ ಬೆಳಕು ಜಾರುತ್ತಿರುವಾಗ ಬಂಡೆಯೊಂದರ ಬಳಿ ಕುಳಿತು, ಗಂಡುಹುಲಿಯ ದನಿಯನ್ನು ಅನುಕರಿಸಿ ಕೂಗಿ, ಹುಲಿಯೇ ತಮ್ಮ ಬಳಿಗೆ ಬರುವಂತೆ ಮಾಡಿದರು. ಕಾಲಿನ ಕೆಲಸವನ್ನು ಅರುವತ್ತು ವರ್ಷಗಳ ಕಾಡಿನ ವಿದ್ಯೆಯು ಮಾಡಿತು. 'ಮ್ಯಾನ್ ಈಟರ್ಸ್ ಆಫ್ ಕುಮಾಂವ್' ಗ್ರಂಥದಲ್ಲಿ ಕಾಲಕ್ರಮದಿಂದ ಕೊನೆಯದಾದ ನರಭಕ್ಷಕದ ಬೇಟೆ ಅದೇ. ಬಿಡದೆ ನಡೆಯುವುದು ಒಂದು ವಿದ್ಯೆಯಾದರೆ, ನಿಲ್ಲುವ ಸ್ಥಳವನ್ನು ಅರಿಯುವುದು ಅದಕ್ಕಿಂತ ಸೂಕ್ಷ್ಮವಾದ ವಿದ್ಯೆ.

ನಿಂತ ಮೇಲೆ ಅವರು ಸುಮ್ಮನೆ ಕೂಡಲೂ ಇಲ್ಲ. ಬಂದೂಕಿನ ಜಾಗಕ್ಕೆ ಚಲನಚಿತ್ರದ ಕ್ಯಾಮರಾ ಮೊದಲೇ ಬಂದಿತ್ತು. ಹುಲಿಯನ್ನು ಕೊಲ್ಲುವುದಕ್ಕಿಂತ ಅದರ ಚಿತ್ರವನ್ನು ಹಿಡಿಯುವುದು ಹೆಚ್ಚಿನ ಬೇಟೆಯೆಂದು ೧೯೪೪ರ ಗ್ರಂಥದ ಕೊನೆಯ ಅಧ್ಯಾಯವು ಹೇಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆ ಕಾಡಿನ ಯುದ್ಧವನ್ನು ಕಲಿಸಿದರು, ವಿಷಮಜ್ವರಗಳಿಂದ ಜರ್ಝರಿತರಾದರು. ೧೯೪೭ರಲ್ಲಿ ಕೀನ್ಯಾ ದೇಶಕ್ಕೆ ಹೋದ ಮೇಲೆ ಲೇಖನಿಯೇ ಆಯುಧವಾಯಿತು: ೧೯೫೨ರಲ್ಲಿ 'ಮೈ ಇಂಡಿಯಾ', ೧೯೫೩ರಲ್ಲಿ 'ಜಂಗಲ್ ಲೋರ್', ೧೯೫೪ರಲ್ಲಿ 'ದಿ ಟೆಂಪಲ್ ಟೈಗರ್'. ೧೯೫೫ರ ಏಪ್ರಿಲಿನಲ್ಲಿ ತೀರಿಕೊಂಡರು. ಬಂದೂಕು, ಕ್ಯಾಮರಾ, ಲೇಖನಿ: ಆಯುಧವು ಹಗುರಾಗುತ್ತ ಬಂದಿತು, ಬೇಟೆಯು ನಿಲ್ಲಲಿಲ್ಲ.

ದೋಷಗಳಿಲ್ಲವೆಂದಲ್ಲ. ಕೊನೆಯ ಗಳಿಗೆಯ ಅದೃಷ್ಟವು ಈ ಕಥೆಗಳಲ್ಲಿ ಮತ್ತೆ ಮತ್ತೆ ಬಂದು ವಾಚಕನ ನಂಬಿಕೆಯನ್ನು ಪರೀಕ್ಷಿಸುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೊಂದಿದೆ. ಹೊರೆ ಹೊತ್ತು ಅವರ ಹಿಂದೆ ಮಲೆ ಹತ್ತಿದ ಗಢವಾಲಿ ಆಳುಗಳ ನಿಷ್ಠೆಯನ್ನು ಬಾಯಿ ತುಂಬ ಹೊಗಳುವ ಲೇಖನಿಯು, ಅವರ ಬೆನ್ನುನೋವಿನ ಲೆಕ್ಕವನ್ನು ತನ್ನ ಕಿವಿನೋವಿನಷ್ಟು ಸೂಕ್ಷ್ಮವಾಗಿ ಬರೆದಿಲ್ಲ. ಹುಲಿಯ ಮುಂಗಾಲಿನ ಮುಳ್ಳುಗಳನ್ನು ಎಣಿಸಿದ ಕಣ್ಣು ಅಲ್ಲಿಯೂ ಇನ್ನಷ್ಟು ಹೊತ್ತು ನಿಲ್ಲಬಹುದಾಗಿತ್ತು.

ಕನ್ನಡಿಗರಿಗೆ ಈ ಸಾಹಿತ್ಯವು ಪರಕೀಯವಲ್ಲ. ರುದ್ರಪ್ರಯಾಗದ ಕಥೆಯನ್ನು ಪೂರ್ಣಚಂದ್ರ ತೇಜಸ್ವಿಯವರು ನಮ್ಮ ಭಾಷೆಗೆ ತಂದಿದ್ದಾರೆ. ದಕ್ಷಿಣ ಕನ್ನಡದ ಕೆದಂಬಾಡಿ ಜತ್ತಪ್ಪ ರೈಗಳು ಬರೆದ ಗ್ರಂಥದ ಹೆಸರೇ 'ಬೇಟೆಯ ನೆನಪುಗಳು'. ಆ ಹೆಸರಿನಲ್ಲಿ ಈ ಪ್ರಕಾರದ ಮರ್ಮವೇ ಅಡಗಿದೆ: ಬೇಟೆಯು ಯುವಕರದಾಗಿರಬಹುದು, ಬೇಟೆಯ ಸಾಹಿತ್ಯವು ನೆನಪಿನದು, ಆದುದರಿಂದ ಹಿರಿಯರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಆ ಬಂದೂಕುಗಳು ಗೋಡೆಯನ್ನು ಸೇರಿದುವು. ಸೇರಿದ್ದು ಒಳ್ಳೆಯದೇ ಆಯಿತು. ಆದರೆ ನೋವಿನೊಡನೆ ನಡೆಯುವ ವಿದ್ಯೆಗೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ. ಮನೆಯಲ್ಲಿ ಹಿರಿಯರಿದ್ದವರು ಈ ಗ್ರಂಥಗಳನ್ನು ತರಿಸಿ ಅವರ ಕೈಗೆ ಕೊಡಲಿ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳು ಓದಿ ಹೇಳಲಿ. ಮಕ್ಕಳು ಹುಲಿಗಾಗಿ ಕೇಳುವರು, ಹಿರಿಯರು ಮನುಷ್ಯನಿಗಾಗಿ ಕೇಳುವರು. ಇಬ್ಬರಿಗೂ ಇಲ್ಲಿ ಬೇಕಾದುದು ದೊರಕುವುದು.