ಪೊರೆ ತೆಗೆದ ಮೇಲೆ ಎಷ್ಟು ಕಾಣುತ್ತದೆ?

ಶಿಬಿರ ನಡೆಸಿದವರು ಎಷ್ಟು ಕಣ್ಣಿಗೆ ಆಪರೇಷನ್ ಆಯಿತೆಂದು ಹೇಳುತ್ತಾರೆ, ಆಸ್ಪತ್ರೆಯವರು ಯಾವ ಕಂಪನಿಯ ಲೆನ್ಸ್ ಹಾಕುತ್ತೇವೆಂದು ಹೇಳುತ್ತಾರೆ. ಆರು ವಾರದ ಮೇಲೆ ಆ ಕಣ್ಣಿಗೆ ಎಷ್ಟು ಕಾಣುತ್ತಿದೆ ಎಂಬುದನ್ನು ಹೇಳುವವರು ಕಡಿಮೆ. ಪೊರೆ ಚಿಕಿತ್ಸೆಯನ್ನು ತೂಗಿ ನೋಡಲು ಇದಕ್ಕಿಂತ ಮುಖ್ಯವಾದ ಅಳತೆ ನನಗಂತೂ ತೋಚುವುದಿಲ್ಲ.

ಕೃತಕ ಲೆನ್ಸಿನ ಮೊದಲ ಪ್ರಯೋಗವೇ ಈ ಮಾತಿಗೆ ಸಾಕ್ಷಿ. ಯುದ್ಧವಿಮಾನದ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕೀವಾಗದೆ ಉಳಿದದ್ದನ್ನು ಕಂಡಿದ್ದ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ, 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಅಂಥದೇ ವಸ್ತುವಿನ ಲೆನ್ಸನ್ನು ಕಣ್ಣೊಳಗೆ ಕೂರಿಸಿದರು. ಲೆನ್ಸೇನೋ ಕೂತಿತು. ಆದರೆ ಪವರ್ ವಿಪರೀತ ಹೆಚ್ಚಾಗಿ ರೋಗಿಗೆ ತೀವ್ರ ಸಮೀಪದೃಷ್ಟಿ ಉಳಿಯಿತು.

ನಮ್ಮಲ್ಲಿ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕ ಶಿಬಿರಗಳಲ್ಲಿ ಪೊರೆ ತೆಗೆದದ್ದನ್ನು ಕರ್ನಾಟಕ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ, ನೆನೆಯಬೇಕಾದದ್ದೇ. ಒಳಗೆ ಹಾಕುವ ಲೆನ್ಸ್ ಬಡವರ ಕೈಗೆಟುಕದಿದ್ದ ಆ ಕಾಲದಲ್ಲಿ ಪ್ಲಸ್ ಹತ್ತರ ಆಸುಪಾಸಿನ ಸೋಡಾಬುಡ್ಡಿ ಕನ್ನಡಕವೇ ಗತಿ. ಅದರಲ್ಲಿ ಎಲ್ಲವೂ ಕಾಲುಭಾಗ ದೊಡ್ಡದಾಗಿ ಕಾಣುತ್ತಿತ್ತು, ಪಕ್ಕದಿಂದ ಬರುವ ಸೈಕಲ್ಲು ಕಾಣದೆ ಥಟ್ಟನೆ ಎದುರಿಗೆ ಬಂದು ನಿಲ್ಲುತ್ತಿತ್ತು. ಕನ್ನಡಕ ಒಡೆದರೆ ಮತ್ತೆ ಕತ್ತಲೆ. 1992ರಲ್ಲಿ ಮದುರೆಯಲ್ಲಿ ಶುರುವಾದ ಲೆನ್ಸ್ ತಯಾರಿಸುವ ಸಂಸ್ಥೆ ಆರೋಲ್ಯಾಬ್, ನೂರು ಡಾಲರಿಗೂ ಮೇಲಿದ್ದ ಲೆನ್ಸನ್ನು ಹತ್ತು ಡಾಲರಿನ ಆಸುಪಾಸಿಗೆ ತಂದಿತು. ಬಡವರ ಕಣ್ಣಿಗೆ ಆದ ಉಪಕಾರಗಳಲ್ಲಿ ಇದಕ್ಕೆ ಸಮನಾದದ್ದು ಕಡಿಮೆ.

ಲೆನ್ಸ್ ಅಗ್ಗವಾಯಿತು, ಆದರೆ ಅಳತೆ ಎಲ್ಲ ಕಡೆಯೂ ಅಷ್ಟೇ ಬೇಗ ಸುಧಾರಿಸಲಿಲ್ಲ. ಕಣ್ಣಿನ ಉದ್ದ ಅಳೆಯುವಾಗ ಒಂದು ಮಿಲಿಮೀಟರ್ ತಪ್ಪಿದರೆ ಲೆನ್ಸಿನ ಪವರ್ ಸುಮಾರು ಎರಡೂವರೆ ಡಯಾಪ್ಟರ್ ತಪ್ಪುತ್ತದೆ. ಈ ಉದ್ದ ಅಳೆಯುವ ಎ-ಸ್ಕ್ಯಾನ್ ಯಂತ್ರದ ಕಡ್ಡಿಯನ್ನು ಕಣ್ಣಿನ ಮೇಲೆ ತುಸು ಒತ್ತಿ ಹಿಡಿದರೂ ಕಣ್ಣು ಗಿಡ್ಡವಾಗಿ ತೋರಿ, ಬೇಕಾದ್ದಕ್ಕಿಂತ ಹೆಚ್ಚು ಪವರಿನ ಲೆನ್ಸ್ ಒಳಗೆ ಹೋಗುತ್ತದೆ. ಅಳೆಯುವ ಯಂತ್ರವೇ ಇಲ್ಲದ ಕಡೆ ಬಂದವರಿಗೆಲ್ಲ ಒಂದೇ ಪವರ್ ಹಾಕಿದ್ದೂ ಉಂಟು. ಸರ್ಜನ್ನರ ಕೈಚಳಕವನ್ನು ಹೊಗಳುವ ನಾವು, ಆ ಕಡ್ಡಿ ಹಿಡಿದು ಕೂತ ತಂತ್ರಜ್ಞೆಯ ಕೆಲಸಕ್ಕೆ ಅದರ ಅರ್ಧದಷ್ಟೂ ಬೆಲೆ ಕೊಟ್ಟಿಲ್ಲ.

ಈಗ ಪೇಟೆಯಲ್ಲಿ ಮಲ್ಟಿಫೋಕಲ್ ಲೆನ್ಸಿನ ಮಾತೇ ಹೆಚ್ಚು. ದೂರಕ್ಕೂ ಹತ್ತಿರಕ್ಕೂ ಕನ್ನಡಕದ ಹಂಗು ಬಹುಮಟ್ಟಿಗೆ ತಪ್ಪುತ್ತದೆ, ಅದು ನಿಜ. ಆದರೆ ಒಳಬರುವ ಬೆಳಕನ್ನು ಅದು ಹಂಚುವುದರಿಂದ ಮಬ್ಬು ಬೆಳಕಿನಲ್ಲಿ ಸ್ಪಷ್ಟತೆ ತಗ್ಗುತ್ತದೆ, ರಾತ್ರಿ ವಾಹನದ ದೀಪಗಳ ಸುತ್ತ ಬಳೆಗಳು ಕಾಣುತ್ತವೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟ ಹಾಳಾದವರಿಗೆ, ಗ್ಲಾಕೋಮಾ ಮುಂದುವರಿದವರಿಗೆ ಅದು ಸಾಮಾನ್ಯವಾಗಿ ಹೊಂದುವುದಿಲ್ಲ. ರಾತ್ರಿ ಲಾರಿ ಓಡಿಸುವವರಿಗೆ ಅದನ್ನು ಶಿಫಾರಸು ಮಾಡುವುದು ನನ್ನ ಮಟ್ಟಿಗೆ ತಪ್ಪು. ಸರಿಯಾಗಿ ಅಳೆದು ಹಾಕಿದ ಸಾದಾ ಮಾನೋಫೋಕಲ್ ಹೆಚ್ಚಿನವರಿಗೆ ಒಳ್ಳೆಯ ದೃಷ್ಟಿ ಕೊಡುತ್ತದೆ. ದೂರಕ್ಕೆ ಹೊಂದಿಸಿದ ಆ ಲೆನ್ಸಿನಲ್ಲಿ ಹೂ ಕಟ್ಟುವಾಕೆಗೆ ದಾರ ಕಾಣದು, ಓದುವ ಕನ್ನಡಕ ಬೇಕೇ ಬೇಕು. ಇದನ್ನು ಆಪರೇಷನ್‌ಗೆ ಮೊದಲೇ ಹೇಳಬೇಕು. ಆಕೆ ದಿನವಿಡೀ ಮಾಡುವ ಕೆಲಸವೇನೆಂದು ಕೇಳಿದರೆ ಪವರನ್ನು ದೂರದ ಬದಲು ಹತ್ತಿರದ ನೋಟಕ್ಕೆ ಹೊಂದಿಸಬಹುದು.

ವಿಶ್ವ ಆರೋಗ್ಯ ಸಂಸ್ಥೆ ಒಳ್ಳೆಯ ಫಲಿತಾಂಶವೆಂದು ಹಿಂದೆ ಒಪ್ಪಿದ್ದು 6/18ರ ದೃಷ್ಟಿಯನ್ನು, ಅಂದರೆ ಸರಿಯಾದ ಕಣ್ಣು ಹದಿನೆಂಟು ಮೀಟರ್ ದೂರದಿಂದ ಓದುವ ಅಕ್ಷರವನ್ನು ಆರು ಮೀಟರಿನಿಂದ ಓದುವಷ್ಟನ್ನು; ಈಗ ಅದು 6/12ಕ್ಕೆ ಬಿಗಿಯಾಗಿದೆ. 2021ರಿಂದ ದೇಶಗಳ ಮುಂದಿರುವ ಗುರಿಯೂ ಬರೀ ಆಪರೇಷನ್ ಸಂಖ್ಯೆಯದಲ್ಲ, ಆ ಮಟ್ಟದ ದೃಷ್ಟಿ ಪಡೆದವರ ಪ್ರಮಾಣದ್ದು. ಈ ಲೆಕ್ಕ ಬರೆಯಲು ರೋಗಿ ಮತ್ತೆ ಬರಬೇಕು. ಶಿಬಿರದ ಬಸ್ಸಿನಲ್ಲಿ ಬಂದವರು ಎರಡನೆಯ ಸಲ ಸ್ವಂತ ಖರ್ಚಿನಲ್ಲಿ, ದಿನಗೂಲಿ ಬಿಟ್ಟು ಬರುವುದು ಕಷ್ಟ. ಲೆನ್ಸಿನ ಹಿಂದಿನ ಪದರ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಮಸುಕಾದಾಗ, ಪೊರೆ ಮತ್ತೆ ಬಂತು, ಇನ್ನೇನೂ ಮಾಡಲಾಗದು ಎಂದುಕೊಂಡು ಅವರು ಮನೆಯಲ್ಲೇ ಉಳಿಯುತ್ತಾರೆ. ಅದಕ್ಕೆ ಬೇಕಾದ್ದು ಕೆಲವೇ ನಿಮಿಷದ ಯಾಗ್ ಲೇಸರ್. ಶಿಬಿರದ ಖರ್ಚಿನ ಪಟ್ಟಿಯಲ್ಲಿ ಆ ಎರಡನೆಯ ಬಸ್ಸಿನ ಬಾಡಿಗೆಯನ್ನೂ ಸೇರಿಸಬೇಕು.